ರೆಗ್ಯುಲೇಟರ್‌ಗೆ ಸರ್ವೀಸ್ ಯಾವಾಗ? ಡೈವಿನ ಲೆಕ್ಕ ಮತ್ತು ತಾರೀಕಿನ ಲೆಕ್ಕ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ದೋಣಿಗಳು ಹೊರಡುವುದು ಹೆಚ್ಚುಕಮ್ಮಿ ಅಕ್ಟೋಬರ್‌ನಿಂದ ಮೇ ತನಕ. ಮಳೆಗಾಲದ ನಾಲ್ಕು ತಿಂಗಳು ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಅಷ್ಟು ದಿನವೂ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ), ಬಿಸಿಡಿ (ಗಾಳಿ ತುಂಬಿ ನೀರಿನಲ್ಲಿ ತೇಲುವುದನ್ನು ಹೊಂದಿಸುವ ಜಾಕೆಟ್), ಹೋಸುಗಳೆಲ್ಲ ಅಟ್ಟದಲ್ಲೋ ಬೀರುವಿನಲ್ಲೋ ಕೂತಿರುತ್ತವೆ. ಮಳೆ ನಿಂತ ಮೇಲೆ ಸ್ವಂತ ಗೇರ್ ಇರುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಹೋದ ಸೀಸನ್‌ನಲ್ಲಿ ನೀರಿಗಿಳಿದದ್ದೇ ಕಮ್ಮಿ, ಈ ಸಲವೂ ಸರ್ವೀಸ್ ಮಾಡಿಸಬೇಕಾ?"

ಇದಕ್ಕೆ ಉತ್ತರ ಹೇಳಲು ಎರಡು ಅಂಕಿ ಬೇಕು. ಕೊನೆಯ ಸರ್ವೀಸ್ ಆದ ಮೇಲೆ ಎಷ್ಟು ಡೈವ್ ಆಗಿವೆ, ಎಷ್ಟು ತಿಂಗಳು ಕಳೆದಿವೆ. ಬೈಕಿನ ಸರ್ವೀಸ್ ಪುಸ್ತಕದಲ್ಲಿ "ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು" ಎಂದು ಬರೆದಿರುತ್ತಲ್ಲ, ಇಲ್ಲೂ ಅದೇ ಲೆಕ್ಕ. ಆದರೆ ಬೈಕಿಗೆ ಓಡೋಮೀಟರ್ ಇದೆ, ರೆಗ್ಯುಲೇಟರ್‌ಗೆ ಇಲ್ಲ. ಆ ಲೆಕ್ಕ ನಾವೇ ಇಡಬೇಕು. ಹೆಚ್ಚಿನವರು ಇಡುವುದಿಲ್ಲ. ಇಟ್ಟವರಲ್ಲೂ ಅರ್ಧ ಜನ ತಪ್ಪು ವಸ್ತುವಿನ ಲೆಕ್ಕ ಇಟ್ಟಿರುತ್ತಾರೆ. ಅದನ್ನು ಆಮೇಲೆ ನೋಡೋಣ.

ಮೊದಲು ಡೈವಿನ ಲೆಕ್ಕ ಯಾಕೆ ಬೇಕು ಎಂಬುದು. ತುಂಬಿದ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್. ಅದನ್ನು ನೇರ ಬಾಯಿಗೆ ಬಿಡಲಾಗುವುದಿಲ್ಲ. ಸಿಲಿಂಡರಿಗೆ ಕೂರಿಸುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಜಾಸ್ತಿ ಇರುವ ಮಟ್ಟಕ್ಕೆ ಇಳಿಸುತ್ತದೆ. ಈ ನಡುವಿನ ಒತ್ತಡಕ್ಕೆ ಡೈವರ್‌ಗಳು ಐಪಿ ಎನ್ನುತ್ತಾರೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಅದನ್ನು ಮತ್ತೆ ಇಳಿಸಿ, ನಾವು ಉಸಿರು ಎಳೆದಾಗ ಮಾತ್ರ, ಉಸಿರಾಡಲು ಬರುವ ಒತ್ತಡದಲ್ಲಿ ಕೊಡುತ್ತದೆ.

ಪ್ರತಿ ಉಸಿರಿಗೂ ಎರಡೂ ಕಡೆಯ ಕವಾಟಗಳು ಒಮ್ಮೆ ತೆರೆದು ಮುಚ್ಚಬೇಕು. ಫಸ್ಟ್ ಸ್ಟೇಜಿನೊಳಗೆ ಲೋಹದ ಚೂಪು ಅಂಚೊಂದು ಗಟ್ಟಿ ಪ್ಲಾಸ್ಟಿಕ್ ಸೀಟಿನ ಮೇಲೆ ಕೂತು ಗಾಳಿ ನಿಲ್ಲಿಸುತ್ತದೆ. ನಿಮಿಷಕ್ಕೆ 15 ಉಸಿರು, 45 ನಿಮಿಷದ ಡೈವ್ ಎಂದರೆ 675 ಸಲ. ನೂರು ಡೈವಿಗೆ 67,500. ಅಷ್ಟು ಸಲ ಬಡಿಸಿಕೊಂಡ ಸೀಟಿನ ಮೇಲೆ ಗೆರೆ ಬೀಳದೆ ಇರುತ್ತದಾ? ಗೆರೆ ಆಳವಾದಷ್ಟೂ ಗಾಳಿ ಸಣ್ಣಗೆ ನುಸುಳಲು ಶುರುವಾಗುತ್ತದೆ.

ಹಾಗಾದರೆ ಉಪಯೋಗಿಸದೆ ಇಟ್ಟರೆ ಸೇಫ್ ಅಲ್ವಾ? ಅಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಎಷ್ಟೇ ತೊಳೆದರೂ ಸಂದಿಯಲ್ಲಿ ಒಂದಿಷ್ಟು ಉಳಿಯುತ್ತದೆ. ನೀರು ಆರಿದಾಗ ಅದು ಹರಳಾಗುತ್ತದೆ. ಕರಾವಳಿಯ ಮಳೆಗಾಲದ ತೇವವನ್ನು ಆ ಹರಳು ಹೀರುತ್ತಾ ಕೂರುತ್ತದೆ, ಹಿತ್ತಾಳೆಯ ಮೇಲಿನ ಕ್ರೋಮ್ ಲೇಪನ ಎಲ್ಲಿ ಕಿತ್ತಿದೆಯೋ ಅಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಓ-ರಿಂಗ್‌ಗಳು, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳು, ಬಿಸಿಗೆ ಒಣಗಿ ಗಟ್ಟಿಯಾಗುತ್ತವೆ. ಇನ್ನೊಂದು ವಿಚಿತ್ರವೂ ಇದೆ. ಗಾಳಿಯ ಒತ್ತಡ ಇಲ್ಲದಾಗ ಫಸ್ಟ್ ಸ್ಟೇಜಿನ ಕವಾಟ ತೆರೆದೇ ಇರುತ್ತದೆ, ಅದಕ್ಕೆ ಆರಾಮ. ಸೆಕೆಂಡ್ ಸ್ಟೇಜಿನಲ್ಲಿ ಉಲ್ಟಾ. ಹಲವು ಮಾದರಿಗಳಲ್ಲಿ ಸ್ಪ್ರಿಂಗ್ ಹಗಲೂ ರಾತ್ರಿ ರಬ್ಬರ್ ಸೀಟನ್ನು ಲೋಹದ ಅಂಚಿಗೆ ಒತ್ತುತ್ತಲೇ ಇರುತ್ತದೆ. ಹೀಗಾಗಿ ಸುಮ್ನೆ ಬೀರುವಿನಲ್ಲಿ ಇಟ್ಟರೂ ಅಲ್ಲಿ ಗೆರೆ ಬೀಳುತ್ತದೆ. ಅದಕ್ಕೇ ಕಂಪನಿಗಳು ಡೈವಿನ ಜೊತೆ ತಿಂಗಳನ್ನೂ ಲೆಕ್ಕಕ್ಕೆ ಹಿಡಿಯುವುದು.

ಅಂಕಿ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಸಾಮಾನ್ಯವಾಗಿ ಕಾಣುವುದು ಹೀಗೆ: ವರ್ಷಕ್ಕೊಮ್ಮೆ ಅಥವಾ 100 ಡೈವಿಗೊಮ್ಮೆ ತಪಾಸಣೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಓವರ್‌ಹಾಲ್. ಓವರ್‌ಹಾಲ್‌ಗೂ ಒಂದು ಡೈವ್ ಮಿತಿ ಇರುತ್ತದೆ. ಕೆಲವರದು 100, ಕೆಲವರದು 200 ಅಥವಾ 300. ನಿಮ್ಮ ರೆಗ್ಯುಲೇಟರಿನ ಕೈಪಿಡಿಯಲ್ಲಿ ಏನಿದೆಯೋ ಅದೇ ನಿಮಗೆ ಅನ್ವಯ. ಗೆಳೆಯರ ಅಂಕಿ ಬೇಡ.

ತಪಾಸಣೆ ಮತ್ತು ಓವರ್‌ಹಾಲ್ ಎರಡೂ ಒಂದೇ ಎಂದುಕೊಳ್ಳುವವರು ಬಹಳ. ತಪಾಸಣೆಯಲ್ಲಿ ರೆಗ್ಯುಲೇಟರನ್ನು ಪೂರ್ತಿ ಬಿಚ್ಚುವುದಿಲ್ಲ. ಗಾಳಿ ಸೋರುತ್ತಿದೆಯಾ, ಐಪಿ ಸರಿ ಇದೆಯಾ, ಉಸಿರು ಎಳೆಯಲು ಎಷ್ಟು ಬಲ ಬೇಕು, ಹೋಸು ಬಿರುಕು ಬಿಟ್ಟಿದೆಯಾ ಎಂದು ನೋಡುತ್ತಾರೆ. ಓವರ್‌ಹಾಲ್‌ನಲ್ಲಿ ಪ್ರತಿ ಭಾಗವನ್ನೂ ಕಳಚಿ, ಲೋಹದ ಭಾಗಗಳನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಸೀಟು, ಓ-ರಿಂಗ್, ಫಿಲ್ಟರ್ ಎಲ್ಲ ಹೊಸದು ಹಾಕುತ್ತಾರೆ. ಬಿಲ್ಲಿನಲ್ಲಿ ಬರೀ "ಸರ್ವೀಸ್" ಎಂದು ಬರೆದುಕೊಟ್ಟರೆ ಯಾವುದು ಎಂದು ಕೇಳಿ ಬರೆಸಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

ಈಗ ಎರಡು ಥರದ ಜನರನ್ನು ನೋಡಿ. ಬೆಂಗಳೂರಿನ ಒಬ್ಬರು ವರ್ಷಕ್ಕೆ ಎರಡು ಸಲ ನೇತ್ರಾಣಿ, ಒಂದು ಸಲ ಅಂಡಮಾನ್ ಎಂದು 20 ಡೈವ್ ಮಾಡುತ್ತಾರೆ ಎನ್ನಿ. ನೂರು ಆಗಲು ಐದು ವರ್ಷ ಬೇಕು. ಅವರ ಪಾಲಿಗೆ ಡೈವಿನ ಅಂಕಿ ಹೆಸರಿಗಷ್ಟೇ, ತಾರೀಕು ಯಾವಾಗಲೂ ಮೊದಲು ಬರುತ್ತದೆ. ಇನ್ನು ಡೈವ್ ಸೆಂಟರಿನ ಬಾಡಿಗೆ ಸೆಟ್. ಸೀಸನ್‌ನಲ್ಲಿ ದಿನಕ್ಕೆ ಮೂರು ಸಲ ನೀರಿಗಿಳಿದರೆ 34ನೇ ದಿನಕ್ಕೆ ನೂರು ದಾಟುತ್ತದೆ. ಅಕ್ಟೋಬರ್ ಮೊದಲ ವಾರ ಶುರುಮಾಡಿದ ಸೆಟ್‌ಗೆ ದೀಪಾವಳಿ ಆಸುಪಾಸಿನಲ್ಲಿ ತಪಾಸಣೆ ಬರುತ್ತದೆ. ಅಲ್ಲಿ "ವರ್ಷಕ್ಕೊಮ್ಮೆ ಮಾಡಿಸ್ತೀವಿ" ಎನ್ನುವುದು ಉತ್ತರವೇ ಅಲ್ಲ. ಬಾಡಿಗೆಗೆ ಗೇರ್ ತೆಗೆದುಕೊಳ್ಳುವವರು ಕೇಳಬೇಕಾದದ್ದು "ಸರ್ವೀಸ್ ಆಗಿದೆಯಾ" ಅಂತಲ್ಲ, "ಈ ನಂಬರಿನ ಸೆಟ್ ಸರ್ವೀಸ್ ಆದ ಮೇಲೆ ಎಷ್ಟು ಡೈವ್ ಆಗಿದೆ" ಅಂತ. ಪುಸ್ತಕ ತೆಗೆದು ನೋಡಿ ಹೇಳುವ ಕಡೆ ಧೈರ್ಯವಾಗಿ ಇಳಿಯಬಹುದು.

ಈಗ ತಪ್ಪು ವಸ್ತುವಿನ ಲೆಕ್ಕದ ವಿಷಯ. ಹೆಚ್ಚಿನವರು ಡೈವ್ ಕಂಪ್ಯೂಟರಿನ ಲಾಗ್ ತೆರೆದು ಅದರಲ್ಲಿರುವ ಒಟ್ಟು ಡೈವನ್ನು ರೆಗ್ಯುಲೇಟರಿನ ಲೆಕ್ಕ ಎಂದುಕೊಳ್ಳುತ್ತಾರೆ. ಕಂಪ್ಯೂಟರ್ ನಿಮ್ಮ ಕೈಗೆ ಕಟ್ಟಿದ್ದು. ಅದು ನಿಮ್ಮ ಡೈವ್ ಎಣಿಸುತ್ತದೆ, ರೆಗ್ಯುಲೇಟರಿನದ್ದಲ್ಲ. ತಮ್ಮನಿಗೆ ಒಂದು ವಾರ ರೆಗ್ಯುಲೇಟರ್ ಕೊಟ್ಟಿದ್ದರೆ ಆ ಡೈವ್‌ಗಳು ನಿಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅಂಡಮಾನಿಗೆ ಲಗೇಜ್ ಜಾಸ್ತಿಯಾಗುತ್ತೆ ಎಂದು ಅಲ್ಲಿಯೇ ಬಾಡಿಗೆಗೆ ತೆಗೆದುಕೊಂಡಿದ್ದರೆ ಆ ಡೈವ್‌ಗಳು ಸುಮ್ಮನೆ ನಿಮ್ಮ ರೆಗ್ಯುಲೇಟರಿನ ಖಾತೆಗೆ ಸೇರಿರುತ್ತವೆ. ಈಜುಕೊಳದಲ್ಲಿ ಅಭ್ಯಾಸ ಮಾಡಿದ್ದನ್ನು ಯಾರೂ ಬರೆಯುವುದಿಲ್ಲ. ಆದರೆ ಕ್ಲೋರಿನ್ ನೀರು ರಬ್ಬರಿಗೆ ಒಳ್ಳೆಯದೇನಲ್ಲ, ಕವಾಟ ಅಲ್ಲೂ ಅಷ್ಟೇ ಸಲ ಬಡಿಯುತ್ತದೆ.

ಹಾಗಾಗಿ ಲೆಕ್ಕ ವಸ್ತುವಿನ ಹೆಸರಿನಲ್ಲಿ ಇರಬೇಕು, ಅದೂ ಸೀರಿಯಲ್ ನಂಬರಿನ ಮೇಲೆ. ಫಸ್ಟ್ ಸ್ಟೇಜಿಗೊಂದು ನಂಬರ್, ಸೆಕೆಂಡ್ ಸ್ಟೇಜಿಗೆ ಇನ್ನೊಂದು, ಹಳದಿ ಹೋಸಿನ ಆಕ್ಟೋಪಸ್‌ಗೆ (ತುರ್ತಿಗೆಂದು ಇರುವ ಹೆಚ್ಚುವರಿ ಸೆಕೆಂಡ್ ಸ್ಟೇಜ್) ಮತ್ತೊಂದು ಕೆತ್ತಿರುತ್ತದೆ. ಇವು ಒಟ್ಟಿಗೆ ಕೊಂಡರೂ ಒಟ್ಟಿಗೇ ಇರುತ್ತವೆ ಎಂದೇನಿಲ್ಲ. ಒಂದು ಹಾಳಾದಾಗ ಇನ್ನೊಂದು ಸೆಟ್ಟಿನಿಂದ ತಂದು ಹಾಕುತ್ತೇವೆ. "ನೀಲಿ ಸೆಟ್" ಎಂದು ಲೆಕ್ಕ ಬರೆದವರಿಗೆ ಎರಡು ವರ್ಷದ ನಂತರ ನೀಲಿ ಸೆಟ್ಟಿನಲ್ಲಿ ಯಾವುದಿತ್ತು ಎಂದೇ ಗೊತ್ತಿರುವುದಿಲ್ಲ.

ಬರೆಯಲು ಒಂದು ನೋಟ್‌ಬುಕ್ ಸಾಕು. ಎಕ್ಸೆಲ್ ಇದ್ದರೆ ಇನ್ನೂ ಸುಲಭ. ಎರಡು ಹಾಳೆ ಮಾಡಿ. ಒಂದರಲ್ಲಿ ವಸ್ತುಗಳು: ಹೆಸರು, ಸೀರಿಯಲ್ ನಂಬರ್, ಕೊಂಡ ತಾರೀಕು, ಕೊನೆಯ ತಪಾಸಣೆ, ಕೊನೆಯ ಓವರ್‌ಹಾಲ್, ಕೈಪಿಡಿ ಹೇಳುವ ತಿಂಗಳ ಮಿತಿ, ಡೈವ್ ಮಿತಿ. ಇನ್ನೊಂದರಲ್ಲಿ ಡೈವ್‌ಗಳು: ತಾರೀಕು, ಜಾಗ, ಉಪ್ಪುನೀರೋ ಕೊಳವೋ, ಯಾವ ಯಾವ ವಸ್ತು ನೀರಿಗೆ ಇಳಿಯಿತು, ಯಾರು ಬಳಸಿದರು. ಎರಡನೆಯದರಿಂದ ಮೊದಲನೆಯದಕ್ಕೆ ಡೈವ್ ಎಣಿಸಿ ತಂದರೆ ಮುಗಿಯಿತು. 24 ತಿಂಗಳು, 100 ಡೈವ್ ಮಿತಿಯ ರೆಗ್ಯುಲೇಟರೊಂದು 2024ರ ಸೆಪ್ಟೆಂಬರ್‌ನಲ್ಲಿ ಓವರ್‌ಹಾಲ್ ಆಗಿದೆ ಎಂದುಕೊಳ್ಳಿ. ತಾರೀಕಿನ ಪ್ರಕಾರ ಅದರ ಮುಂದಿನ ಸರದಿ 2026ರ ಸೆಪ್ಟೆಂಬರ್. ಆದರೆ 2025ರ ಡಿಸೆಂಬರಿಗೇ 85 ಡೈವ್ ಆಗಿದ್ದು, ಜನವರಿಗೆ 20 ಡೈವಿನ ಟ್ರಿಪ್ ಬುಕ್ ಆಗಿದ್ದರೆ? ತಾರೀಕು ಒಂದನ್ನೇ ನೋಡುವವರು ಹೊರಟುಬಿಡುತ್ತಾರೆ. ಎರಡನ್ನೂ ನೋಡುವವರು ಮಿತಿ ಟ್ರಿಪ್ಪಿನ ನಡುವೆ ದಾಟುತ್ತದೆ ಎಂದು ಡಿಸೆಂಬರಿನಲ್ಲೇ ಕಳಿಸುತ್ತಾರೆ.

ಸಾಫ್ಟ್‌ವೇರ್ ಬೇಕೆನ್ನುವವರಿಗೆ ಸಬ್‌ಸರ್ಫೇಸ್ ಎಂಬ ಉಚಿತ ಡೈವ್ ಲಾಗ್ ಇದೆ. ಇದನ್ನು 2011ರಲ್ಲಿ ಶುರುಮಾಡಿದ್ದು ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್. ಅವರೂ ಡೈವರ್. ಬಹಳಷ್ಟು ಕಂಪ್ಯೂಟರ್‌ಗಳಿಂದ ಲಾಗ್ ಇಳಿಸಿಕೊಳ್ಳುತ್ತದೆ. ಪ್ರತಿ ಡೈವಿಗೂ ಟ್ಯಾಗ್ ಹಾಕಬಹುದು. ಅಲ್ಲಿ ರೆಗ್ಯುಲೇಟರಿಗೊಂದು ಗುರುತಿನ ಹೆಸರಿಟ್ಟು ಟ್ಯಾಗ್ ಮಾಡಿದರೆ, ಆಮೇಲೆ ಸೋಸಿ ನೋಡಿದಾಗ ಆ ವಸ್ತುವಿನ ಡೈವ್‌ಗಳಷ್ಟೇ ಸಿಗುತ್ತವೆ. ಬೇರೆಯವರಿಗೆ ಕೊಟ್ಟಾಗಿನ ಡೈವನ್ನು ಮಾತ್ರ ಕೈಯಿಂದ ಸೇರಿಸಬೇಕು.

ಇಷ್ಟು ಮಾಡಿದರೆ ಯಾವಾಗ ಕಳಿಸಬೇಕು ಎಂದು ಗೊತ್ತಾಗುತ್ತದೆ. ಆದರೆ ನನ್ನ ಪ್ರಕಾರ ದಾಖಲೆಯ ನಿಜವಾದ ಲಾಭ ಇದಲ್ಲ. ತಾರೀಕಿಗಿಂತ ಮುಂಚೆ ಕೆಡುತ್ತಿರುವ ಗೇರ್ ಕಣ್ಣಿಗೆ ಬೀಳುವುದು ಐಪಿ ಬರೆದಿಟ್ಟಾಗ. ಇದಕ್ಕೊಂದು ಸಣ್ಣ ಗೇಜ್ ಸಿಗುತ್ತದೆ, ಬಿಸಿಡಿಗೆ ಗಾಳಿ ತುಂಬುವ ಹೋಸಿನ ತುದಿಗೆ ಚುಚ್ಚುವಂಥದ್ದು. ಸಿಲಿಂಡರ್ ತೆರೆಯಿರಿ. ಮುಳ್ಳು 9.5 ಬಾರ್‌ಗೆ ಬಂದು ನಿಂತಿತು ಎನ್ನಿ. ಸೆಕೆಂಡ್ ಸ್ಟೇಜಿನ ಮೇಲಿರುವ, ಒತ್ತಿದರೆ ಗಾಳಿ ಹೊರಬಿಡುವ ಪರ್ಜ್ ಬಟನ್ ಒಮ್ಮೆ ಒತ್ತಿ ಬಿಡಿ. ಮುಳ್ಳು ಸರ್ರನೆ ಇಳಿದು, ಬಿಟ್ಟಕೂಡಲೇ ಏರಿ, ಅದೇ 9.5ಕ್ಕೆ ಗಕ್ಕನೆ ನಿಲ್ಲಬೇಕು. ಸೀಟು ಸವೆದಿದ್ದರೆ ನಿಲ್ಲುವುದಿಲ್ಲ. 9.6, 9.8, 10.1 ಎಂದು ನಿಧಾನ ತೆವಳುತ್ತಾ ಹೋಗುತ್ತದೆ. ಸಿಲಿಂಡರಿನ ಗಾಳಿ ಸೀಟಿನ ಗೆರೆಯಿಂದ ನುಸುಳುತ್ತಿದೆ ಎಂದರ್ಥ. ಒಂದು ಹಂತ ದಾಟಿದ ಮೇಲೆ ಸೆಕೆಂಡ್ ಸ್ಟೇಜ್ ತಡೆಯಲಾರದೆ ಬಾಯಿಯ ಕಡೆಯಿಂದ ಸುಸ್ಸೆಂದು ಗಾಳಿ ಬಿಡುತ್ತದೆ. ನೋಡಿದವರು ಸೆಕೆಂಡ್ ಸ್ಟೇಜ್ ಕೆಟ್ಟಿದೆ ಎನ್ನುತ್ತಾರೆ, ರೋಗ ಇರುವುದು ಫಸ್ಟ್ ಸ್ಟೇಜಿನಲ್ಲಿ.

ಪ್ರತಿ ಟ್ರಿಪ್ಪಿಗೆ ಮುಂಚೆ ಈ ಅಂಕಿ ಬರೆದಿಟ್ಟುಕೊಳ್ಳಿ. ಪಕ್ಕದಲ್ಲೇ ಆಗ ಸಿಲಿಂಡರಿನಲ್ಲಿದ್ದ ಒತ್ತಡವನ್ನೂ ಬರೆಯಿರಿ. ಅನ್‌ಬ್ಯಾಲೆನ್ಸ್ಡ್ ಮಾದರಿಗಳಲ್ಲಿ ಸಿಲಿಂಡರ್ ಖಾಲಿಯಾದ ಹಾಗೆ ಐಪಿಯೂ ಬದಲಾಗುತ್ತದೆ, ಹೋಲಿಸುವಾಗ ಗೊಂದಲ ಆಗಬಾರದು. 9.5, 9.5, 9.6, 9.9 ಎಂದು ಸಾಲು ಏರುತ್ತಿದ್ದರೆ ಸರ್ವೀಸ್ ತಾರೀಕಿಗೆ ಆರು ತಿಂಗಳು ಬಾಕಿ ಇದ್ದರೂ ಕಳಿಸಿ. ಈ ಪರೀಕ್ಷೆ ನೋಡಲು ಮಾತ್ರ. ಅಂಕಿ ಸರಿ ಇಲ್ಲ ಎಂದು ಸ್ಪ್ಯಾನರ್ ಹಿಡಿದು ನೀವೇ ತಿರುಗಿಸಲು ಹೋಗಬೇಡಿ. ಅದು ಕಂಪನಿಯ ತರಬೇತಿ ಪಡೆದ ಟೆಕ್ನಿಷಿಯನ್ ಮಾಡುವ ಕೆಲಸ.

ಇನ್ನೊಂದು ಕಡೆ ಕಣ್ಣಾಡಿಸಿ. ಫಸ್ಟ್ ಸ್ಟೇಜಿನ ಡಸ್ಟ್ ಕ್ಯಾಪ್ ತೆಗೆದರೆ ಗಾಳಿ ಒಳಹೋಗುವ ಬಾಯಲ್ಲಿ ಬಟನ್ ಗಾತ್ರದ, ಒರಟು ಮೈಯ ಲೋಹದ ಫಿಲ್ಟರ್ ಕಾಣುತ್ತದೆ. ಟಾರ್ಚ್ ಬಿಟ್ಟು ಅದರ ಬಣ್ಣ ನೋಡಿ. ಹಸಿರು ಇದ್ದರೆ ಒಳಗೆ ನೀರು ಹೋಗಿದೆ. ಕ್ಯಾಪ್ ಹಾಕದೆ ಬಕೆಟ್ಟಿನಲ್ಲಿ ಅದ್ದಿದ್ದೇ ಹೆಚ್ಚಾಗಿ ಕಾರಣ. ಕೆಂಪು ಮಿಶ್ರಿತ ಕಂದು ಇದ್ದರೆ ಯಾವುದೋ ಸ್ಟೀಲ್ ಸಿಲಿಂಡರಿನ ತುಕ್ಕು. ಬೂದಿ ಬಣ್ಣದ ಪುಡಿ ಅಲ್ಯೂಮಿನಿಯಂ ಸಿಲಿಂಡರಿನೊಳಗಿನದು. ಕಪ್ಪಾಗಿದ್ದರೆ ಗಾಳಿ ತುಂಬಿದ ಕಂಪ್ರೆಸರಿನ ಫಿಲ್ಟರಿನಿಂದ ಇಂಗಾಲದ ಪುಡಿ ಬಂದಿದೆ, ಆ ಜಾಗದ ಗಾಳಿಯನ್ನೇ ಅನುಮಾನಿಸಬೇಕು. ಬಣ್ಣ ಬದಲಾದ ದಿನ ಫೋನಿನಲ್ಲಿ ಒಂದು ಫೋಟೋ ತೆಗೆದು ಲಾಗಿಗೆ ಸೇರಿಸಿ. ಅದಕ್ಕೆ ಹಿಂದಿನ ಟ್ರಿಪ್ ಎಲ್ಲಿ ಆಗಿತ್ತು ಎಂಬುದು ಪಕ್ಕದ ಸಾಲಿನಲ್ಲೇ ಇರುತ್ತದೆ.

ರೆಗ್ಯುಲೇಟರ್ ಬಿಟ್ಟು ಉಳಿದವು ಬೇಗ ಮುಗಿಯುತ್ತವೆ. ಬಿಸಿಡಿಗೆ ವರ್ಷಕ್ಕೊಮ್ಮೆ ತಪಾಸಣೆ. ಅದರಲ್ಲೂ ಗಾಳಿ ತುಂಬುವ ಬಟನ್ ಮುಖ್ಯ. ಅದರೊಳಗೆ ಉಪ್ಪಿನ ಹರಳು ಸಿಕ್ಕಿಕೊಂಡರೆ ಒತ್ತಿದ ಬಟನ್ ವಾಪಸ್ ಬರುವುದಿಲ್ಲ. ಗಾಳಿ ತುಂಬುತ್ತಲೇ ಹೋಗಿ ನಿಮ್ಮನ್ನು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಡೈವ್ ಕಂಪ್ಯೂಟರಿಗೆ ಬ್ಯಾಟರಿ ಬದಲಿಸಿದ ತಾರೀಕು ಬರೆದರೆ ಸಾಕು, ಓ-ರಿಂಗ್ ಕೂಡ ಆಗಲೇ ಬದಲಿಸಿದಿರಾ ಎಂಬುದನ್ನೂ ಸೇರಿಸಿ.

ಹೋಸಿನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ರಬ್ಬರ್ ಹೋಸು ಮುಪ್ಪಾದರೆ ಲೋಹದ ತುದಿಯ ಹತ್ತಿರ ಬಿರುಕು ಕಾಣುತ್ತದೆ. ಹೆಣೆದ ನೈಲಾನ್ ಹೊದಿಕೆಯ ಹಗುರ ಹೋಸುಗಳು ಹಾಗಲ್ಲ. ಕೆಲವದರ ಒಳಪದರ ಬಿಸಿ ಮತ್ತು ತೇವಕ್ಕೆ ಹಾಳಾಗಿ, ಒಳಗೆ ಹರಳು ಕಟ್ಟಿ, ಗಾಳಿಯ ದಾರಿಯನ್ನೇ ಮುಚ್ಚಿದ ಉದಾಹರಣೆಗಳಿವೆ. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಡ್ಯಾನ್ ಸಂಸ್ಥೆ ಈ ಬಗ್ಗೆ ಎಚ್ಚರಿಸಿದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ಬಿಸಿ, ತೇವ ಎರಡಕ್ಕೂ ಬರವಿಲ್ಲ. ಹಾಗಾಗಿ ಹೋಸಿಗೂ ಒಂದು ಸಾಲು ಇರಲಿ, ಕೊಂಡ ತಾರೀಕಿನ ಸಮೇತ. ಚೆನ್ನಾಗಿ ಕಂಡರೂ ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯ ರೂಢಿ.

ಸಿಲಿಂಡರಿನ ಕಥೆ ಪೂರ್ತಿ ಬೇರೆ, ಯಾಕೆಂದರೆ ಅಲ್ಲಿ ಕಂಪನಿಯ ಜೊತೆ ಕಾನೂನೂ ಬರುತ್ತದೆ. ಅದರ ದಾಖಲೆ ಅದರ ಮೈಮೇಲೇ ಇರುತ್ತದೆ. ಕುತ್ತಿಗೆಯ ಕೆಳಗಿನ ಭುಜದಲ್ಲಿ ಸೀರಿಯಲ್ ನಂಬರ್, ಒತ್ತಡದ ಮಿತಿ, ಪರೀಕ್ಷೆಯಾದ ತಿಂಗಳು ಮತ್ತು ವರ್ಷ ಗುದ್ದಿರುತ್ತಾರೆ. ಹೈಡ್ರೋ ಟೆಸ್ಟ್ ಎಂದರೆ ಸಿಲಿಂಡರಿಗೆ ನೀರು ತುಂಬಿ, ನೀರಿರುವ ಇನ್ನೊಂದು ಪಾತ್ರೆಯೊಳಗೆ ಇಳಿಸಿ, ಕೆಲಸದ ಒತ್ತಡಕ್ಕಿಂತ ಬಹಳ ಜಾಸ್ತಿ ಒತ್ತಡ ಕೊಡುವುದು. ಎಲ್ಲ ಕಡೆ ಕಾಣುವ 3,000 ಪಿಎಸ್‌ಐ (ಬಾರ್‌ನಂತೆ ಒತ್ತಡದ ಇನ್ನೊಂದು ಅಳತೆ) ಅಲ್ಯೂಮಿನಿಯಂ ಸಿಲಿಂಡರಿಗೆ ಅಮೆರಿಕದ ನಿಯಮದಂತೆ 5,000 ಪಿಎಸ್‌ಐ ಕೊಡುತ್ತಾರೆ. ಲೋಹ ಹಿಗ್ಗುತ್ತದೆ, ಹೊರಗಿನ ಪಾತ್ರೆಯ ನೀರು ಅಷ್ಟು ಸರಿಯುತ್ತದೆ. ಒತ್ತಡ ಬಿಟ್ಟಾಗ ಸಿಲಿಂಡರ್ ಮೊದಲಿನ ಗಾತ್ರಕ್ಕೆ ಮರಳಬೇಕು. ಹಿಗ್ಗಿದ್ದರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹಾಗೇ ಉಳಿದರೆ ಫೇಲ್. ಗಾಳಿಯ ಬದಲು ನೀರು ಯಾಕೆ ಎಂದರೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರ್ ಒಡೆದರೂ ಸ್ಫೋಟ ಆಗುವುದಿಲ್ಲ.

ಎಷ್ಟು ವರ್ಷಕ್ಕೊಮ್ಮೆ ಎಂಬುದು ದೇಶದ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ಹೈಡ್ರೋ, ವರ್ಷಕ್ಕೊಮ್ಮೆ ಒಳಗೆ ಕಣ್ಣಿಂದ ನೋಡುವ ಪರೀಕ್ಷೆ. ಬ್ರಿಟನ್ನಿನಲ್ಲಿ ಐದು ಮತ್ತು ಎರಡೂವರೆ. ಆಸ್ಟ್ರೇಲಿಯಾದಲ್ಲಿ ವರ್ಷಾ ವರ್ಷ ಹೈಡ್ರೋ. ಭಾರತದಲ್ಲಿ ಇದು 2016ರ ಗ್ಯಾಸ್ ಸಿಲಿಂಡರ್ಸ್ ರೂಲ್ಸ್ ಅಡಿ ಬರುತ್ತದೆ. ಜಾರಿಗೆ ತರುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ ಎಂಬ ಕೇಂದ್ರ ಸರ್ಕಾರದ ಸಂಸ್ಥೆ, ಪರೀಕ್ಷೆ ಅವರು ಮಾನ್ಯ ಮಾಡಿದ ಕೇಂದ್ರಗಳಲ್ಲೇ ಆಗಬೇಕು. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರು ಊರಿಗೆ ಬರುವಾಗ ಸಿಲಿಂಡರ್ ತರುವ ಆಲೋಚನೆ ಬಿಡುವುದೇ ಲೇಸು. ಎಲ್ಲಿ ಡೈವ್ ಮಾಡುತ್ತೀರೋ ಅಲ್ಲಿಯ ಸಿಲಿಂಡರ್ ಬಾಡಿಗೆಗೆ ಸಿಗುತ್ತದೆ. ಭುಜದ ಮೇಲಿನ ತಾರೀಕು ಓದಲು ಬಂದರೆ ಸಾಕು. ಹಳೆಯ ಅಲ್ಯೂಮಿನಿಯಂ ಸಿಲಿಂಡರ್ ಅಗ್ಗಕ್ಕೆ ಸಿಕ್ಕಿತು ಎಂದರೆ ತಯಾರಾದ ವರ್ಷ ನೋಡಿ. 6351 ಎಂಬ ಮಿಶ್ರಲೋಹದಿಂದ ಮಾಡಿದ ಸಿಲಿಂಡರ್‌ಗಳ ಕುತ್ತಿಗೆಯಲ್ಲಿ ಬಿರುಕು ಬಿಡುವುದು ಗೊತ್ತಾದ ಮೇಲೆ ಅಮೆರಿಕದಲ್ಲಿ ಲಕ್ಸ್‌ಫರ್ ಕಂಪನಿ 1988ರಲ್ಲಿ ಆ ಲೋಹ ಬಿಟ್ಟಿತು. ಅದಕ್ಕಿಂತ ಹಳೆಯದನ್ನು ಮುಟ್ಟದಿರುವುದೇ ಜಾಣತನ.

ಸರ್ವೀಸಿಗೆ ಕಳಿಸುವ ಸಮಯದ ಬಗ್ಗೆ ಒಂದು ಮಾತು. ಟ್ರಿಪ್ಪಿನ ಹಿಂದಿನ ವಾರ ಕಳಿಸಿ, ವಾಪಸ್ ಬಂದದ್ದನ್ನು ನೇರ ಬ್ಯಾಗಿಗೆ ತುಂಬಿಕೊಂಡು ಹೊರಡುವವರಿದ್ದಾರೆ. ಈಗಷ್ಟೇ ಬಿಚ್ಚಿ ಜೋಡಿಸಿದ ಯಂತ್ರದಲ್ಲಿ ತಪ್ಪಿದ್ದರೆ ಅದು ಮೊದಲ ಕೆಲವು ಡೈವ್‌ಗಳಲ್ಲೇ ತೋರಿಸಿಕೊಳ್ಳುತ್ತದೆ. ಹೊಸ ಸೀಟು ಕೂರುವಾಗ ಐಪಿ ಒಂಚೂರು ಸರಿಯುವುದೂ ಉಂಟು. ಅದನ್ನು 18 ಮೀಟರ್ ಆಳದಲ್ಲಿ ಕಂಡುಹಿಡಿಯುವ ಅಗತ್ಯ ಇಲ್ಲ. ನೇತ್ರಾಣಿ ಸೀಸನ್ನಿನವರಿಗೆ ಆಗಸ್ಟ್ ಒಳ್ಳೆಯ ತಿಂಗಳು. ಸೆಪ್ಟೆಂಬರಿನಲ್ಲಿ ಎಲ್ಲರೂ ಒಟ್ಟಿಗೆ ಕಳಿಸುವುದರಿಂದ ಟೆಕ್ನಿಷಿಯನ್ ಕೈಗೆ ಬಿಡುವಿರುವುದಿಲ್ಲ. ಆಗಸ್ಟಿನಲ್ಲಿ ಕಳಿಸಿದರೆ ಸೆಪ್ಟೆಂಬರಿನಲ್ಲಿ ಈಜುಕೊಳದಲ್ಲಿ ಒಂದೆರಡು ಸಲ ಇಳಿದು, ಐಪಿ ಬರೆದುಕೊಂಡು, ಬೇಕಾದರೆ ವಾಪಸ್ ಕಳಿಸಲೂ ಟೈಮ್ ಇರುತ್ತದೆ. ಮೇನಲ್ಲೇ ಸೋರುವುದು ಗೊತ್ತಾಗಿದ್ದರೆ ಮಾತ್ರ ಕಾಯಬೇಡಿ, ಉಪ್ಪು ಕೂತಷ್ಟೂ ಹಾಳು. ಗೇರ್ ವಾಪಸ್ ತರುವಾಗ ಬದಲಿಸಿದ ಹಳೆ ಭಾಗಗಳನ್ನು ಕೇಳಿ ಪಡೆಯಿರಿ. ಐಪಿ ಎಷ್ಟಕ್ಕೆ ಇಟ್ಟರು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ಬಿಲ್ ಎಸೆಯಬೇಡಿ. ಕೆಲವು ಕಂಪನಿಗಳು ಸರ್ವೀಸ್ ಭಾಗಗಳನ್ನು ಉಚಿತವಾಗಿ ಕೊಡುತ್ತವೆ. ಆದರೆ ತಪಾಸಣೆ ತಪ್ಪಿಸಿಲ್ಲ ಎಂಬುದಕ್ಕೆ ಪುರಾವೆ ಕೇಳುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಇದೇ ದಾಖಲೆ ಕೇಳಿ. "ಎರಡೇ ಸಲ ಬಳಸಿದ್ದು, ಹೊಸದರ ಹಾಗಿದೆ" ಎನ್ನುವ ರೆಗ್ಯುಲೇಟರ್ ಆರು ವರ್ಷ ಅಟ್ಟದಲ್ಲಿ ಕೂತಿದ್ದರೆ ಒಳಗಿನ ರಬ್ಬರಿಗೂ ಆರೇ ವರ್ಷ. ಪುಸ್ತಕ ಇಲ್ಲದಿದ್ದರೆ ಒಂದು ಪೂರ್ತಿ ಓವರ್‌ಹಾಲ್ ಖರ್ಚು ಕಳೆದು ಬೆಲೆ ಮಾತಾಡಿ. ದುಡ್ಡು ಕೊಡುವ ಮುಂಚೆ ಆ ಮಾದರಿಗೆ ಸರ್ವೀಸ್ ಕಿಟ್ ಇನ್ನೂ ಸಿಗುತ್ತದಾ ಎಂದು ಟೆಕ್ನಿಷಿಯನ್‌ಗೆ ಒಂದು ಫೋನ್ ಮಾಡಿ. ಸಿಗುವುದಿಲ್ಲ ಎಂದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.